ಗೋಲು ತಪ್ಪಿಸಿಕೊಂಡ್ರಾ? ತಡೀರಿ, ರೀಪ್ಲೇ ಬರುತ್ತೆ

2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಪಂದ್ಯ. 96ನೇ ನಿಮಿಷ. ಕೇರಳ ಬ್ಲಾಸ್ಟರ್ಸ್‌ನವರು ಇನ್ನೂ ಸಜ್ಜಾಗ್ತಿದ್ರು, ಬೆಂಗಳೂರು ತಂಡದ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದೇಬಿಟ್ರು. ಗೋಲು!

ಮದ್ದೂರಲ್ಲಿ ಟಿವಿ ಮುಂದೆ ಕೂತು, ವಡೆ ಮುರಿಯೋಕೆ ತಲೆ ಬಗ್ಗಿಸಿದವನಿಗೆ ಅದು ತಪ್ಪೇಹೋಯ್ತು ಅನ್ಕೊಳ್ಳಿ. ಚಿಂತೆ ಬೇಡ.

ಕ್ರೀಡಾಂಗಣದ ಹೊರಗೆ ನಿಲ್ಲೋ ಓಬಿ ವ್ಯಾನಲ್ಲಿ, ಅಂದ್ರೆ ನೇರಪ್ರಸಾರದ ಗಾಡೀಲಿ ಇರೋ ಸರ್ವರ್, ಕ್ಯಾಮೆರಾಗಳ ದೃಶ್ಯಾನೆಲ್ಲ ಬಿಡದೆ ರೆಕಾರ್ಡ್ ಮಾಡ್ತಾನೇ ಇರುತ್ತೆ. ಆಪರೇಟರ್ ಚಕ್ರ ಹಿಂದಕ್ಕೆ ತಿರುಗಿಸಿ ಆ ಕ್ಷಣ ಹಿಡೀತಾರೆ, ಸಣ್ಣ ಲಿವರ್ ತಳ್ಳಿ ನಿಧಾನಕ್ಕೆ ಓಡಿಸ್ತಾರೆ. ಅಷ್ಟೊತ್ತೂ ರೆಕಾರ್ಡಿಂಗ್ ನಿಲ್ಲಲ್ಲ. ಮಜಾ ಇರೋದೇ ಅಲ್ಲಿ.

ಆದ್ರೆ ಐಎಸ್‌ಎಲ್‌ನಲ್ಲಿ ಆಗ ವಿಎಆರ್, ಅಂದ್ರೆ ವಿಡಿಯೋ ನೋಡಿ ರೆಫರಿಗೆ ನೆರವಾಗೋ ವ್ಯವಸ್ಥೆ, ಇರಲಿಲ್ಲ. ಮಂಡ್ಯ, ಮಳವಳ್ಳಿಯಲ್ಲಿ ಕೂತವರು ರೀಪ್ಲೇ ನೋಡ್ಬೋದಿತ್ತು, ಅದನ್ನ ನೋಡಿ ತೀರ್ಪು ಕೊಡೋ ಅವಕಾಶ ರೆಫರಿಗಿರಲಿಲ್ಲ! ಗೋಲು ಉಳೀತು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದೇಬಿಟ್ರು.