ಗಿಳಿಯ ಕೊಕ್ಕಿಗೆ ಕೆಲಸ ಕೊಡಿ

ನಿಮ್ಮ ಮನೆಯ ಪಂಜರದ ಗಿಳಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದೆಯೇ? ದಿನವಿಡೀ ಕಿರುಚುತ್ತಿದೆಯೇ? ಮೊದಲು ಪಶುವೈದ್ಯರಿಗೆ ತೋರಿಸಿ. ಚರ್ಮದ ಸೋಂಕು, ಯಕೃತ್ತಿನ ತೊಂದರೆಗಳಲ್ಲೂ ಹಕ್ಕಿ ಗರಿ ಕೀಳುವುದುಂಟು. ದೇಹದಲ್ಲಿ ದೋಷವೇನೂ ಇಲ್ಲವೆಂದಾದರೆ, ಬಹುಮಟ್ಟಿಗೆ ಅದರ ಕಾಯಿಲೆ ಬೇಸರ.

ಕಾಡಿನ ಗಿಳಿಗೆ ಆಹಾರ ಹುಡುಕುವುದು, ಸಿಪ್ಪೆ ಸುಲಿಯುವುದು, ತೊಗಟೆ ಸಿಗಿಯುವುದರಲ್ಲೇ ಹಗಲಿನ ಬಹಳಷ್ಟು ಹೊತ್ತು ಕಳೆಯುತ್ತದೆ. ಪಂಜರದಲ್ಲಾದರೋ ಬಟ್ಟಲ ತುಂಬ ಕಾಳು. ಬೇಗನೆ ಊಟ ಮುಗಿಯುತ್ತದೆ. ಉಳಿದ ಹೊತ್ತು ಕೊಕ್ಕಿಗೆ ಸಿಗುವುದು ತನ್ನದೇ ಗರಿ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಹುಡುಕುವ ಕೆಲಸ ಮತ್ತು ಆಟಿಕೆ ಕೊಟ್ಟಾಗ ಅಮೆಜಾನ್ ಗಿಳಿಗಳು ಗರಿ ಕೀಳುವುದು ಕಡಿಮೆಯಾಯಿತು.

ಇಲ್ಲಿ ಗಿಳಿ ಎಂದರೆ, ನಮ್ಮ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಆಸ್ಟ್ರೇಲಿಯಾ ಮೂಲದ ಬಜರಿಗಾರ್, ಕಾಕಟೀಲ್‌ನಂಥವು. ನಮ್ಮ ತೋಟದ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎಷ್ಟು ಮುದ್ದಿನಿಂದ ಸಾಕಿದರೂ ಅಪರಾಧವೇ.

ಆಟಿಕೆಗಾಗಿ ಹಣ ಖರ್ಚು ಮಾಡಬೇಕಿಲ್ಲ. ಬಿಳಿ ಹಾಳೆಯ ತುಂಡಿನಲ್ಲಿ ನಾಲ್ಕು ಕಾಳು ಇಟ್ಟು ಮಿಠಾಯಿಯಂತೆ ತಿರುಚಿ ಕೊಡಿ. ಮೊದಲ ದಿನ ಹಕ್ಕಿಯ ಕಣ್ಣೆದುರೇ ಕಾಳು ಇಡಿ, ಗುಟ್ಟು ಅದಕ್ಕೆ ತಿಳಿಯಲಿ. ತೆಂಗಿನ ಹಸಿ ಗರಿಯನ್ನು ಹೆಣೆದು ನಡುವೆ ನವಣೆಯ ತೆನೆ ಸಿಕ್ಕಿಸಿದರೆ ಬಜರಿಗಾರ್‌ಗೆ ಅದಕ್ಕಿಂತ ಹಬ್ಬವಿಲ್ಲ. ಮೆಕ್ಕೆಜೋಳದ ಸಿಪ್ಪೆ, ಔಷಧಿ ಸಿಂಪಡಿಸದ ಸೀಬೆ ಅಥವಾ ಬೇವಿನ ಕೊಂಬೆ ಕೂಡ ಸಿಗಿದು ಹಾಕಲು ಚೆನ್ನ. ತೆಂಗಿನ ಚಿಪ್ಪಾದರೆ ಒಳಗಿನ ಕಾಯಿಯನ್ನು ಪೂರ್ತಿ ಕೆರೆದು ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಆಟಿಕೆ ಚಿಂದಿಯಾಯಿತೆಂದು ಮಕ್ಕಳು ಬೇಸರಪಡುವುದು ಬೇಡ; ಚಿಂದಿಯಾಗಲೆಂದೇ ಅದನ್ನು ಮಾಡಿದ್ದು.

ಇನ್ನು ಅಪಾಯದ ವಿಷಯ. ಬಜರಿಗಾರ್‌ನ ತೂಕ ಸುಮಾರು 30ರಿಂದ 40 ಗ್ರಾಂ. ನಮಗೆ ಲೆಕ್ಕಕ್ಕೇ ಬಾರದಷ್ಟು ವಿಷ ಅದಕ್ಕೆ ಸಾಕು. ಆಟಿಕೆ ಕಟ್ಟಲು ಜಿಐ ತಂತಿ ಬೇಡವೇ ಬೇಡ, ಅದರ ಮೇಲಿನ ಸತುವಿನ ಲೇಪ ಹಕ್ಕಿಯ ಹೊಟ್ಟೆ ಸೇರಿದರೆ ವಿಷ. ಬೆಸುಗೆ ಹಾಕಿದ ವಸ್ತುಗಳಲ್ಲಿ ಸೀಸವಿರಬಹುದು. ಬಣ್ಣ ಬಳಿದ ಮರ, ಹೊಳಪು ಕಾಗದ, ಸ್ಟೇಪಲ್ ಪಿನ್, ರಬ್ಬರ್ ಬ್ಯಾಂಡ್ ಕೂಡ ದೂರವಿರಲಿ. ಅನೇಕರು ಪ್ರೀತಿಯಿಂದ ಗೆಜ್ಜೆ ಕಟ್ಟುತ್ತಾರೆ. ಹಿತ್ತಾಳೆಯಲ್ಲೂ ಸತುವಿದೆ, ಸಾಲದೆಂಬಂತೆ ಗೆಜ್ಜೆಯ ಸೀಳಿನಲ್ಲಿ ಕಾಲ್ಬೆರಳು ಸಿಕ್ಕಿಕೊಂಡರೆ ಹಕ್ಕಿ ಒದ್ದಾಡಿ ಬೆರಳನ್ನೇ ಮುರಿದುಕೊಳ್ಳಬಹುದು. ಉಣ್ಣೆ, ನೈಲಾನ್ ದಾರದ ಎಳೆಗಳು ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸುತ್ತವೆ. ತೂಗುಹಾಕಲು ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ ಅಥವಾ ಗರಿಯದೇ ಗಟ್ಟಿ ಪಟ್ಟಿ ಸಾಕು. ಕಣಗಿಲೆಯ ಕೊಂಬೆಯನ್ನಾಗಲಿ, ಒಳಗಿಡಲು ಬೆಣ್ಣೆಹಣ್ಣಿನ ಚೂರನ್ನಾಗಲಿ ಎಂದೂ ಬಳಸಬೇಡಿ. ಎರಡೂ ಹಕ್ಕಿಗಳಿಗೆ ಪ್ರಾಣಾಂತಕ.

ಹೊಸ ವಸ್ತು ಕಂಡರೆ ಗಿಳಿಗಳು ಬೆದರುತ್ತವೆ. ಒಂದೆರಡು ದಿನ ಪಂಜರದ ಹೊರಗೆ ಸ್ವಲ್ಪ ದೂರದಲ್ಲಿ ತೂಗುಹಾಕಿ, ಆಮೇಲೆ ಒಳಗಿಡಿ. ಕಾಳನ್ನೆಲ್ಲ ಒಮ್ಮೆಲೇ ಬಚ್ಚಿಡಬೇಡಿ. ಸಣ್ಣ ಹಕ್ಕಿ ಒಂದು ದಿನ ಉಪವಾಸವಿದ್ದರೂ ಸೊರಗುತ್ತದೆ, ಆದ್ದರಿಂದ ಬಟ್ಟಲಿನಲ್ಲೂ ಆಹಾರವಿರಲಿ. ಹಕ್ಕಿ ಮಂಕಾಗಿ ಕುಳಿತರೆ, ವಾಂತಿ ಮಾಡಿದರೆ, ಹಿಕ್ಕೆ ಕಡುಹಸಿರಾಗಿ ನೀರಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ. ಅದು ಕಚ್ಚಿದ ಆಟಿಕೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಹಿಕ್ಕೆ ಮೆತ್ತಿದ ಆಟಿಕೆಯನ್ನು ಎಸೆಯುವಾಗ ಮೊದಲು ನೀರು ಚಿಮುಕಿಸಿ. ಒಣಗಿದ ಹಿಕ್ಕೆಯ ದೂಳಿನಿಂದ ಸಿಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಮನುಷ್ಯರಿಗೂ ತಗುಲಬಹುದು. ಪಂಜರ ಮುಟ್ಟಿದ ಮಕ್ಕಳು ಊಟಕ್ಕೆ ಕೂರುವ ಮುನ್ನ ಸೋಪಿನಿಂದ ಕೈ ತೊಳೆಯಲಿ.