ಕೊಲರಾಡೋ ನದಿಯ ಉಪ್ಪಿನ ಲೆಕ್ಕ

1961ರ ಕೊನೆಯ ಹೊತ್ತಿಗೆ ಮೆಕ್ಸಿಕೋ ದೇಶದ ಮೆಕ್ಸಿಕಾಲಿ ಕಣಿವೆಯ ಹತ್ತಿ ಬೆಳೆಗಾರರು ಕಾಲುವೆಯ ನೀರಿಗೇ ಹೆದರಬೇಕಾಯಿತು. ನೀರೇನೂ ಕಡಿಮೆಯಾಗಿರಲಿಲ್ಲ. ಆದರೆ ಅದನ್ನು ಹಾಯಿಸಿದ ಹೊಲಗಳಲ್ಲಿ ಪೈರು ಸೊರಗತೊಡಗಿತು. ಅದುವರೆಗೆ ಲೀಟರಿಗೆ ಸುಮಾರು 800 ಮಿಲಿಗ್ರಾಂ ಇದ್ದ ಲವಣಾಂಶ ಆ ಡಿಸೆಂಬರ್‌ನಲ್ಲಿ 2,700ರ ಆಸುಪಾಸಿಗೆ ಏರಿತ್ತು. ಕುಡಿಯುವ ನೀರಿನಲ್ಲಿ 500 ದಾಟಬಾರದೆಂಬುದು ನಮ್ಮ ದೇಶದ ಮಾನಕ. ಬೇರೆ ದಾರಿಯಿಲ್ಲದಾಗ ಮಾತ್ರ 2,000ದವರೆಗೆ ಅದು ಒಪ್ಪುತ್ತದೆ. ಬೆಳೆಗಾರರಿಗೆ ಬಂದ ನೀರು ಎಂಥದೆಂದು ಇದರಿಂದಲೇ ಊಹಿಸಬಹುದು.

ನೀರು ಬರುತ್ತಿದ್ದುದು ಕೊಲರಾಡೋ ನದಿಯಿಂದ. ಅಮೆರಿಕದ ರಾಕಿ ಪರ್ವತಗಳಲ್ಲಿ ಹಿಮ ಕರಗಿ ಹುಟ್ಟುವ ಈ ನದಿ ಸುಮಾರು 2,300 ಕಿ.ಮೀ. ಹರಿದು ಮೆಕ್ಸಿಕೋದ ನೆಲದಲ್ಲಿ ಕಡಲನ್ನು ಸೇರಬೇಕು. ಸೇರುವಷ್ಟು ನೀರು ಈಗ ಉಳಿಯುವುದು ಅಪರೂಪ. ದಾರಿಯುದ್ದಕ್ಕೂ ಏಳು ರಾಜ್ಯಗಳು ಅದನ್ನು ಹಂಚಿಕೊಂಡಿವೆ. ಗಡಿಯಾಚೆಯ ಮೆಕ್ಸಿಕೋಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 65 ಟಿಎಂಸಿ ನೀರು ಬಿಡಬೇಕೆಂದು 1944ರ ಒಪ್ಪಂದ ಹೇಳುತ್ತದೆ. ಆ ನೀರು ಎಂಥದಿರಬೇಕು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆದಿರಲಿಲ್ಲ. ಜಗಳವೆಲ್ಲ ಹುಟ್ಟಿದ್ದು ಈ ಸಂದಿನಲ್ಲಿ.

ನದಿಯಲ್ಲಿ ಉಪ್ಪು ಇರುವುದು ಹೊಸದೇನಲ್ಲ. ಅದರ ಜಲಾನಯನದ ದೊಡ್ಡ ಭಾಗ ಡೈನೊಸಾರ್‌ಗಳ ಕಾಲದಲ್ಲಿ ಸಮುದ್ರದ ತಳವಾಗಿತ್ತು. ಆ ಕೆಸರು ಗಟ್ಟಿಯಾಗಿ ಆದ ಜೇಡಿಬಂಡೆಯಲ್ಲಿ ಅಂದಿನ ಉಪ್ಪು ಇನ್ನೂ ಕೂತಿದೆ. ಮಳೆನೀರು, ಬಿಸಿನೀರಿನ ಬುಗ್ಗೆಗಳು ಅದನ್ನು ಕರಗಿಸಿ ಹೊಳೆಗೆ ತರುತ್ತವೆ. ನದಿಯ ಉಪ್ಪಿನಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೆ ತಾನಾಗಿ ಬಂದದ್ದು. ಉಳಿದರ್ಧಕ್ಕೆ ಮನುಷ್ಯನೇ ಹೊಣೆ, ಅದರಲ್ಲೂ ನೀರಾವರಿ. ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಒಂದು ಪಾಲನ್ನು ಬೆಳೆ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಹೆಚ್ಚಾದದ್ದು ನೆಲಕ್ಕಿಳಿದು, ಬಂಡೆಯ ಉಪ್ಪನ್ನು ಕರಗಿಸಿಕೊಂಡು, ಬಸಿದು ಮತ್ತೆ ನದಿ ಸೇರುತ್ತದೆ. ಮರುಭೂಮಿಯ ನಡುವೆ ಕಟ್ಟಿದ ಪೊವೆಲ್, ಮೀಡ್ ಜಲಾಶಯಗಳ ಮೇಲಿಂದ ಆವಿಯಾಗುವುದೂ ಸಿಹಿನೀರೇ; ಉಪ್ಪು ಹಿಂದುಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಚೌಳು ಹಿಡಿದ ಗದ್ದೆಗಳನ್ನು ಕಂಡವರಿಗೆ ಈ ಕಥೆಯ ಅರ್ಧ ಭಾಗ ಹೇಳದೆಯೇ ಗೊತ್ತು.

1961ರಲ್ಲಿ ನಡೆದದ್ದು ಇಷ್ಟು: ಅರಿಜೋನಾ ರಾಜ್ಯದ ವೆಲ್ಟನ್-ಮೊಹಾಕ್ ಎಂಬ ಪ್ರದೇಶಕ್ಕೆ 1952ರಲ್ಲಿ ಕೊಲರಾಡೋ ನೀರು ಬಂತು. ಕೆಲವೇ ವರ್ಷಗಳಲ್ಲಿ ಅಂತರ್ಜಲ ಉಕ್ಕಿ ಬೇರಿನ ಮಟ್ಟಕ್ಕೆ ಬಂತು. ಅಲ್ಲಿನವರು ಆ ಉಪ್ಪುನೀರನ್ನು ಪಂಪು ಹಚ್ಚಿ ಎತ್ತಿ ಹೊರಹಾಕಿದರು. ಲೀಟರಿಗೆ ಸುಮಾರು 6,000 ಮಿಲಿಗ್ರಾಂ ಲವಣವಿದ್ದ ಆ ನೀರು ನೇರ ನದಿಗಿಳಿದು ಮೆಕ್ಸಿಕೋ ಪಾಲಾಯಿತು. ನೆರೆಮನೆಯವರ ಬಾಗಿಲಿಗೆ ಬಚ್ಚಲು ಹರಿಸಿ, ‘ನಿಮಗೆ ಕೊಡಬೇಕಾದ ನೀರು ಕೊಟ್ಟಿದ್ದೇವಲ್ಲ’ ಎಂದಂತೆ! ಅಮೆರಿಕದ ವಾದ ಹೆಚ್ಚುಕಡಿಮೆ ಹಾಗೆಯೇ ಇತ್ತು. ಯಾವ ಮೂಲದ ನೀರಾದರೂ ಸರಿ ಎಂಬರ್ಥದ ಮಾತು ಒಪ್ಪಂದದಲ್ಲಿದೆ, ಬಸಿನೀರೂ ಲೆಕ್ಕಕ್ಕೆ ಬರುತ್ತದೆ ಎಂದು ಅದು ಹೇಳಿತು.

ಹನ್ನೆರಡು ವರ್ಷ ಹಗ್ಗಜಗ್ಗಾಟ ನಡೆಯಿತು. 1972ರಲ್ಲಿ ಮೆಕ್ಸಿಕೋ ಅಧ್ಯಕ್ಷ ಎಚವೆರಿಯಾ ಅಮೆರಿಕದ ಸಂಸತ್ತಿನಲ್ಲೇ ನಿಂತು ಈ ವಿಷಯ ಎತ್ತಿದರು. 1973ರ ಆಗಸ್ಟ್ 30ರಂದು ಇತ್ಯರ್ಥವಾಯಿತು: ಅಮೆರಿಕದ ಕೊನೆಯ ದೊಡ್ಡ ತಿರುವು ಕಟ್ಟೆಯಾದ ಇಂಪೀರಿಯಲ್ ಅಣೆಕಟ್ಟಿನಲ್ಲಿ ನೀರು ಎಷ್ಟು ಉಪ್ಪಾಗಿದೆಯೋ ಅದಕ್ಕಿಂತ ಸುಮಾರು 115 ಮಿಲಿಗ್ರಾಂ ಮಾತ್ರ ಹೆಚ್ಚಿರಬಹುದು, 30 ಆಚೀಚೆ. ನದಿ ಹಂಚಿಕೆಯಲ್ಲಿ ಪ್ರಮಾಣದಷ್ಟೇ ಗುಣವೂ ಹಕ್ಕು ಎಂದು ಕೆಳಗಿನ ದೇಶವೊಂದು ಅಂಕೆಯಲ್ಲೇ ಬರೆಸಿಕೊಂಡಿತು.

ಮಾತು ಉಳಿಸಿಕೊಳ್ಳಲು ಅಮೆರಿಕ 1974ರಲ್ಲಿ ಕಾಯ್ದೆ ಮಾಡಿತು. ಅದರಲ್ಲಿ ಹೆಚ್ಚು ಸದ್ದು ಮಾಡಿದ್ದು ಯೂಮಾ ಪಟ್ಟಣದ ಉಪ್ಪು ತೆಗೆಯುವ ಕಾರ್ಖಾನೆ. ಈಗ ನಮ್ಮ ಹಳ್ಳಿಹಳ್ಳಿಯಲ್ಲೂ ಕಾಣುವ ಆರ್‌ಒ ಘಟಕದ ತತ್ವವೇ, ಆದರೆ ಅಗಾಧ ಗಾತ್ರ. ಸುಮಾರು 25 ಕೋಟಿ ಡಾಲರ್ ಸುರಿದು 1992ರಲ್ಲಿ ಮುಗಿಸಿದರು. ಮೂರನೇ ಒಂದು ಭಾಗ ಸಾಮರ್ಥ್ಯದಲ್ಲಿ ಕೆಲವು ತಿಂಗಳು ಓಡಿತು. 1993ರ ನೆರೆ ಬಸಿಗಾಲುವೆಯನ್ನು ಕೆಡಿಸಿದಾಗ ನಿಂತಿತು. ಆಮೇಲೆ 2007ರಲ್ಲಿ ಮೂರು ತಿಂಗಳು, 2010–11ರಲ್ಲಿ ಸುಮಾರು ಒಂದು ವರ್ಷ ಪ್ರಯೋಗಕ್ಕೆಂದು ನಡೆಸಿದ್ದು ಬಿಟ್ಟರೆ ಅದು ಹೆಚ್ಚುಕಡಿಮೆ ಸುಮ್ಮನೆ ಕೂತೇ ಕಾಲ ಕಳೆದಿದೆ.

ಕಾರ್ಖಾನೆ ಮುಗಿಯುವ ತನಕ ಇರಲಿ ಎಂದು 1977ರ ಹೊತ್ತಿಗೆ ಒಂದು ತಾತ್ಕಾಲಿಕ ಕಾಲುವೆ ಕಟ್ಟಿದ್ದರು. ಅರಿಜೋನಾದ ಬಸಿನೀರು ನದಿಗಿಳಿಯದೆ ಸುಮಾರು 80 ಕಿ.ಮೀ. ದೂರ ಸಾಗಿ ಮೆಕ್ಸಿಕೋದ ಬರಡು ಉಪ್ಪುಬಯಲಿಗೆ ಬೀಳಬೇಕು, ಅಷ್ಟೇ ಉದ್ದೇಶ. ಆ ಬಯಲಿನಲ್ಲಿ ಆಪು ಹುಲ್ಲು ಬೆಳೆಯಿತು. ಹಕ್ಕಿಗಳು ಬಂದವು. ಇಂದು ಸಿಯೆನೆಗಾ ದೆ ಸಾಂತಾ ಕ್ಲಾರಾ ಎಂಬ ಆ ಜೌಗು ಸುಮಾರು 16,000 ಹೆಕ್ಟೇರ್ ಹರಡಿಕೊಂಡಿದೆ. ಅಳಿವಿನಂಚಿನ ಯೂಮಾ ರೈಲ್ ಎಂಬ ನೀರುಕೋಳಿ ಜಾತಿಯ ಹಕ್ಕಿಗೆ ಅದೇ ದೊಡ್ಡ ಆಸರೆ. 1993ರಿಂದ ಅದು ಸಂರಕ್ಷಿತ ಜೀವಗೋಳದ ಭಾಗ. ಕಾರ್ಖಾನೆ ಚಾಲೂ ಮಾಡಿದರೆ ಈ ನೀರು ತಪ್ಪಿ, ಸೋಸಿ ಉಳಿದ ಕಡು ಉಪ್ಪುನೀರು ಮಾತ್ರ ಅಲ್ಲಿಗೆ ಹೋಗುತ್ತದೆ. 2010ರ ಪ್ರಯೋಗಕ್ಕೆ ಮುನ್ನ ಎರಡೂ ಸರ್ಕಾರಗಳು ಮತ್ತು ಪರಿಸರ ಸಂಸ್ಥೆಗಳು ಸೇರಿ ಜೌಗಿಗೆ ಬದಲಿ ನೀರು ಹೊಂದಿಸಬೇಕಾಯಿತು.

ನಿಜವಾದ ಕೆಲಸ ನಡೆದದ್ದು ಸದ್ದಿಲ್ಲದೆ, ಮೇಲ್ದಂಡೆಯಲ್ಲಿ. ಕೊಲರಾಡೋ ರಾಜ್ಯದ ಗ್ರ್ಯಾಂಡ್ ವ್ಯಾಲಿಯಂಥ ಕಡೆ ಮಣ್ಣಿನ ಕಾಲುವೆಗಳಿಗೆ ಕಾಂಕ್ರೀಟ್ ಹಾಕಿದರು, ಕವಲುಗಳನ್ನು ಕೊಳವೆಗೆ ಇಳಿಸಿದರು, ತುಂತುರು ನೀರಾವರಿಗೆ ರೈತರಿಗೆ ಹಣ ಕೊಟ್ಟರು. ಸೋರಿಕೆ ನಿಂತರೆ ಬಂಡೆಯ ಉಪ್ಪು ಬಂಡೆಯಲ್ಲೇ ಉಳಿಯುತ್ತದೆ. ಕರಗಿದ ಉಪ್ಪನ್ನು ಸೋಸುವುದಕ್ಕಿಂತ ಇದು ಎಷ್ಟೋ ಅಗ್ಗ. ಹಣದ ಬಹುಪಾಲು ಕೇಂದ್ರ ಸರ್ಕಾರದ್ದು, ಉಳಿದದ್ದು ಅಣೆಕಟ್ಟುಗಳ ವಿದ್ಯುತ್ ಆದಾಯದ್ದು. ಮೇಲಿನ ರೈತನ ಹೊಲದಲ್ಲಿ ಹೂಡಿದ ಹಣದ ಲಾಭ ಕೆಳಗಿನ ನಗರದ ನಲ್ಲಿಗೆ, ಬೆಳೆಗಾರನಿಗೆ ತಲುಪುವುದರಿಂದ ಈ ಏರ್ಪಾಟು ನ್ಯಾಯವೇ ಸರಿ. ಹೀಗೆ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು ಉಪ್ಪು ನದಿ ಸೇರದಂತೆ ತಡೆಯಲಾಗಿದೆ.

ಆದರೆ ತಾನಾಗಿ ಬರುವ ಉಪ್ಪಿಗೆ ಕಾಂಕ್ರೀಟು ಮದ್ದಲ್ಲ. ಅದೇ ರಾಜ್ಯದಲ್ಲಿ ಪ್ಯಾರಡಾಕ್ಸ್ ಎಂಬ ಕಣಿವೆಯಿದೆ. ಕೊಲರಾಡೋದ ಜಲಾನಯನಕ್ಕೆ ಸೇರಿದ ಡೊಲೊರೆಸ್ ನದಿ ಅಲ್ಲಿ ಕಣಿವೆಯ ಉದ್ದಕ್ಕೆ ಹರಿಯದೆ ಅಡ್ಡ ಹಾಯುತ್ತದೆ. ‘ವಿರೋಧಾಭಾಸ’ ಎಂಬ ಅರ್ಥದ ಹೆಸರು ಬಂದದ್ದು ಅದರಿಂದ. ಸಮುದ್ರಕ್ಕಿಂತ ಏಳೆಂಟು ಪಟ್ಟು ಉಪ್ಪಾದ ನೀರು ಅಲ್ಲಿ ನೆಲದಡಿಯಿಂದ ನದಿಗೆ ಜಿನುಗುತ್ತದೆ. 1996ರಿಂದ ಅದನ್ನು ಬಾವಿಗಳಲ್ಲಿ ಹಿಡಿದು, ಸುಮಾರು 5 ಕಿ.ಮೀ. ಆಳದ ಕೊಳವೆಬಾವಿಯ ಮೂಲಕ ಬಂಡೆಯೊಳಕ್ಕೆ ಒತ್ತಿದರು. ವರ್ಷಕ್ಕೆ ಲಕ್ಷ ಟನ್ನಿನಷ್ಟು ಉಪ್ಪು ಹೀಗೆ ಭೂಮಿಯೊಳಗೆ ಹೋಯಿತು. ಭೂಮಿಯೂ ಉತ್ತರ ಕೊಟ್ಟಿತು. ಸಾವಿರಾರು ಸಣ್ಣ ಕಂಪನಗಳ ನಡುವೆ 2019ರ ಮಾರ್ಚ್‌ನಲ್ಲಿ 4.5 ಪ್ರಮಾಣದ ಭೂಕಂಪ ಆದ ಮೇಲೆ ಬಾವಿ ಮುಚ್ಚಿದರು. 2022ರಲ್ಲಿ ಒತ್ತುವ ವೇಗ ತಗ್ಗಿಸಿ ಮತ್ತೆ ಪರೀಕ್ಷೆಗೆ ತೆರೆದರು. ಹೊಸ ಬಾವಿ ಕೊರೆಯುವುದೇ, ದೊಡ್ಡ ಕೊಳಗಳಲ್ಲಿ ಬಿಸಿಲಿಗೆ ಒಣಗಿಸುವುದೇ ಎಂದು ಅದಕ್ಕೂ ಮುನ್ನ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಕೊಳಗಳಾದರೆ ವಲಸೆ ಹಕ್ಕಿಗಳಿಗೆ ಅಪಾಯ, ಒಣಗಿದ ಉಪ್ಪಿನ ಗುಡ್ಡವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬೇರೆ. 2020ರ ಕೊನೆಗೆ ಯಾವುದೂ ಬೇಡವೆಂದು ಕಡತ ಮುಚ್ಚಿತು.