ಬಡವರ ವ್ಯಾಜ್ಯವೂ ಕಾಯಿದೆಯ ಉಪಾಧ್ಯಾಯರೂ

ನ್ಯಾಯಸ್ಥಾನದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮ ಜನರು ಕೈಸುಟ್ಟುಕೊಂಡು ಕಟ್ಟಿದ ಗಾದೆ. ಈ ಗಾದೆಗೆ ಉತ್ತರವನ್ನು ಕಾಯಿದೆಯ ತರಗತಿಯಲ್ಲಿಯೇ ಹುಡುಕಹೊರಟ ಉಪಾಧ್ಯಾಯರು ವಿರಳ. ಅಂಥವರಲ್ಲಿ ಎನ್. ಆರ್. ಮಾಧವ ಮೆನನ್ನರ ಹೆಸರನ್ನು ನಾವು ಮೊದಲು ಹೇಳುತ್ತೇವೆ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದಾಗಲೇ ಅವರು ವಿದ್ಯಾರ್ಥಿಗಳನ್ನು ಬಡ ಕಕ್ಷಿಗಾರರ ಬಳಿಗೆ ಕರೆದೊಯ್ದರು. ಬಳಿಕ ಬೆಂಗಳೂರಿಗೆ ಬಂದು, 1988ರಲ್ಲಿ ತರಗತಿಗಳನ್ನಾರಂಭಿಸಿದ ರಾಷ್ಟ್ರೀಯ ಕಾನೂನು ಶಾಲೆಗೆ ಪ್ರಥಮ ನಿರ್ದೇಶಕರಾದರು. 2019ರಲ್ಲಿ ಅವರು ದಿವಂಗತರಾದರು. ನಾಡಿ ಹಿಡಿಯದವನು ವೈದ್ಯನಲ್ಲವೆಂದ ಮೇಲೆ, ದುಃಖಿತನ ಅಹವಾಲನ್ನು ಒಮ್ಮೆಯೂ ಕೇಳದವನು ವಕೀಲನಾಗುವುದೆಂತು?

ಪುಕ್ಕಟೆ ವಕೀಲನೆಂದರೆ ಸೆರೆಯಾಳಿಗೆ ಮಾತ್ರವೆಂದು ವಿದ್ಯಾವಂತರೂ ತಿಳಿದಿದ್ದಾರೆ. ಇದು ತಪ್ಪು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮವು 1995ರಲ್ಲಿ ಜಾರಿಗೆ ಬಂದಿತು. ಅದರ ಮೇರೆಗೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆಯ ಕಾರ್ಮಿಕರು ಇವರಿಗೆಲ್ಲ ಸಿವಿಲ್ ದಾವೆಯಲ್ಲಿಯೂ ನೆರವುಂಟು. ವರಮಾನದ ಲೆಕ್ಕ ಕೇಳುವಂತಿಲ್ಲ. ಪಾಲಿಗಾಗಿ, ಜೀವನಾಂಶಕ್ಕಾಗಿ ಒಡವೆಯನ್ನು ಅಡವಿಡುತ್ತಿರುವ ಎಷ್ಟು ತಾಯಂದಿರಿಗೆ ಇದು ಗೊತ್ತು?

ಗ್ರಾಹಕರ ವಿಷಯವೂ ಹೀಗೆಯೇ. 1986ರ ಶಾಸನದ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ, ಕೊಂಡವನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು; ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ವಕೀಲರಿಲ್ಲದೆ ತಾನೇ ವಾದಿಸಲೂಬಹುದು. ಆದರೆ ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗತಕ್ಕದ್ದು. ಮಾಲಿನ ಪರೀಕ್ಷೆ ಬೇಡವಾದಲ್ಲಿ 3 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಶಾಸನ ಹೇಳುತ್ತದೆ. ಆ 3 ತಿಂಗಳು ವರ್ಷಗಟ್ಟಲೆ ಬೆಳೆಯುವುದನ್ನು ಕಕ್ಷಿಗಾರರು ಬಲ್ಲರು. ಪಂಚಾಂಗ ಬರೆಯುವವರು ಬಲ್ಲರೋ ಇಲ್ಲವೋ!

ಹಣ ಕೊಟ್ಟ ರಸೀದಿಯನ್ನು ಜೋಪಾನವಾಗಿಡುವುದು, ಮೊದಲು ಲಿಖಿತ ನೋಟೀಸು ಕೊಡುವುದು, ತಾರೀಖುಗಳನ್ನು ಕ್ರಮವಾಗಿ ಬರೆಯುವುದು ಇವು ದೊಡ್ಡ ವಿದ್ಯೆಯಲ್ಲ. ಆದರೂ ಇವಿಲ್ಲದೆ ನಿಜವಾದ ದೂರು ಸಹ ಬಿದ್ದುಹೋಗುತ್ತದೆ. ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ವಕಾಲತ್ತು ವಹಿಸಲಾರರು, ಸರಿ; ಕಾಗದಪತ್ರಗಳನ್ನು ಜೋಡಿಸಿ, ಅರ್ಜಿಯನ್ನು ತಿಳಿಗನ್ನಡದಲ್ಲಿ ಬರೆದುಕೊಡಲು ಅಡ್ಡಿಯೇನು? ನೆರವಿನ ಪಟ್ಟಿಯಲ್ಲಿರುವ ವಕೀಲರಿಗೆ ಕೊಡುವ ಸಂಭಾವನೆಯಾದರೋ ಅಲ್ಪ; ಅಲ್ಪ ಕೂಲಿಗೆ ಅಲ್ಪ ಗಮನವೇ ದೊರಕುವುದು ಲೋಕರೂಢಿ. ಸರ್ಕಾರವು ಇದನ್ನು ಹೆಚ್ಚಿಸತಕ್ಕದ್ದು. ಜಿಲ್ಲೆಗಳ ಕಾನೂನು ಕಾಲೇಜುಗಳವರು ತಮ್ಮ ನೆರವಿನ ಕೇಂದ್ರದ ಫಲಕವನ್ನು ತೂಗುಹಾಕಿ ಸುಮ್ಮನಾಗದೆ, ಸಂತೆಯ ದಿವಸ ತಾಲ್ಲೂಕು ಕಚೇರಿಯ ಮುಂದೆ ಒಂದು ಮೇಜು ಹಾಕಿಸಿ, ಉಪಾಧ್ಯಾಯರೊಡನೆ ವಿದ್ಯಾರ್ಥಿಗಳನ್ನು ಕೂರಿಸಬೇಕೆಂದು ನಾವು ಕೋರುತ್ತೇವೆ.